ಹತ್ತನೇ ಕ್ಲಾಸಿನ ಮಾಣಿ ಬೆಳಿಗ್ಗೆ ಏಳೋದೇ ಇಲ್ಲ, ಇದು ಸೋಂಬೇರಿತನವಾ?

ಪ್ರಶ್ನೆ: ನಮ್ಮನೆ ಸಿರ್ಸಿ ಹತ್ರ. ಮಗಂದು ಈ ಸಲ ಎಸ್ಸೆಸ್ಸೆಲ್ಸಿ. ರಾತ್ರಿ ಹನ್ನೆರಡಾದ್ರೂ ಕಣ್ಣು ಪಿಳಿಪಿಳಿ ಬಿಟ್ಕೊಂಡೇ ಇರ್ತಾನೆ, ಬೆಳಿಗ್ಗೆ 5ಕ್ಕೆ ಎಬ್ಬಿಸಿದ್ರೆ ಮೈಮೇಲೇ ಬರ್ತಾನೆ. ಬೆಳಗಿನ ಜಾವ ಓದಿದ್ದು ತಲೇಲಿ ಉಳೀತದೆ ಅಂತ ಅವ್ರಪ್ಪ ದಿನಾ ಬೈತಾರೆ. ಇದು ಸೋಂಬೇರಿತನವಾ, ಮೊಬೈಲ್ ಚಟವಾ, ಅಥ್ವಾ ಬೇರೆ ಎಂತಾದ್ರೂ ಇದ್ಯಾ?

ಉತ್ತರ: ಸೋಂಬೇರಿತನ ಅಲ್ಲ. ಮೊಬೈಲ್‌ದೂ ಪಾಲು ಇದೆ, ಆದ್ರೆ ಬೇರು ಇರೋದು ಅವನ ಮಿದುಳಿನೊಳಗೆ.

ನಮ್ಮ ಎರಡೂ ಕಣ್ಣಿಂದ ಬರೋ ನರಗಳು ಒಂದನ್ನೊಂದು ದಾಟೋ ಜಾಗದ ಸರೀ ಮೇಲೆ, ಹೈಪೋಥಲಾಮಸ್ ಅನ್ನೋ ಭಾಗದಲ್ಲಿ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ, ಅದೇ ಮೈಯ ಗಡಿಯಾರ. ಹಗಲು ಎಷ್ಟೊತ್ತಿಗೆ ರಾತ್ರಿ ಎಷ್ಟೊತ್ತಿಗೆ ಅಂತ ಕಣ್ಣಿಗೆ ಬಿದ್ದ ಬೆಳಕಿಂದ ಲೆಕ್ಕ ಹಾಕಿ, ಕತ್ತಲಾದ್ಮೇಲೆ ಮೆಲಟೋನಿನ್ ಅನ್ನೋ ಹಾರ್ಮೋನು ಬಿಡೋದಕ್ಕೆ ಪೀನಿಯಲ್ ಗ್ರಂಥಿಗೆ ಹೇಳ್ತದೆ. ಮೆಲಟೋನಿನ್ ಅಂದ್ರೆ ನಿದ್ದೆಮಾತ್ರೆ ಅಲ್ಲ, ‘ರಾತ್ರಿ ಶುರುವಾಯ್ತು’ ಅಂತ ಮೈಗೆಲ್ಲಾ ಸುದ್ದಿ ಮುಟ್ಸೋ ಡಂಗುರ ಅಂದ್ಕೊಳ್ಳಿ. ಈ ಡಂಗುರ ಹದಿಹರೆಯದಲ್ಲಿ ಒಂದರಿಂದ ಎರಡು ತಾಸು ತಡವಾಗಿ ಬಾರಿಸ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್‌ಕಡನ್ ಇದನ್ನೇ ದಶಕಗಟ್ಟಲೆ ಅಭ್ಯಾಸ ಮಾಡಿದವ್ರು. ಮೊಬೈಲ್ ಅಂದ್ರೆ ಎಂತ ಅಂತ ಗೊತ್ತಿಲ್ಲದ ಇಲಿಮರಿಗಳಲ್ಲೂ ಪ್ರಾಯಕ್ಕೆ ಬರೋವಾಗ ಈ ಥರದ ಬದಲಾವಣೆ ಕಂಡಿದೆ.

ಇನ್ನೊಂದು ಸಂಗ್ತಿ. ಎಚ್ಚರ ಇದ್ದಷ್ಟು ಹೊತ್ತೂ ಮಿದುಳಲ್ಲಿ ಅಡೆನೋಸಿನ್ ಅನ್ನೋದು ಜಮಾ ಆಗ್ತಾ ಹೋಗಿ ಕಣ್ಣು ಎಳೀತದೆ, ಚಿಕ್ಕ ಮಕ್ಕಳಲ್ಲಿ ಈ ಒತ್ತಡ ಬೇಗ ಏರ್ತದೆ, ಅದಕ್ಕೇ ಊಟ ಮಾಡ್ತಾ ಮಾಡ್ತಾನೇ ತೂಕಡಿಸ್ತಾವೆ. ಹದಿನೈದರ ಮಾಣಿಗೆ ಅದು ಏರೋದೇ ನಿಧಾನ. ಹಂಗಾಗಿ ಹತ್ತು ಗಂಟೆಗೆ ಲೈಟ್ ಆರ್ಸಿ ಮಲಗು ಅಂದ್ರೆ ಅವ ಮಾಡು ನೋಡ್ತಾ ಬಿದ್ಕೊಂಡಿರ್ತಾನೆ, ಹಟ ಮಾಡಿ ಅಲ್ಲ, ನಿದ್ದೆ ಬರದೇ.

ಈಗ ಬೆಳಗಿನ 5 ಗಂಟೆ ವಿಷಯ. ನೀವು ರಾತ್ರಿಯಿಡೀ ಯಕ್ಷಗಾನ ನೋಡಿದ್ದೀರಿ ಅಂತಾದ್ರೆ ಗೊತ್ತಿರ್ತದೆ, ಮೂರೂವರೆ ನಾಲ್ಕರ ಹೊತ್ತಿಗೆ ಒಂದು ಥರಾ ಚಳಿ ಹತ್ತಿ ಶಾಲು ಎಳ್ಕೊಳ್ಳೋ ಹಂಗಾಗ್ತದೆ, ಎದುರಿಗೆ ಚಂಡೆ ಬಡೀತಿದ್ರೂ ಕತ್ತು ವಾಲ್ತದೆ. ಇಬ್ಬನಿ ಚಳಿ ಒಂದೇ ಅಲ್ಲ, ದಿನದಲ್ಲಿ ಮೈ ಬಿಸಿ ತೀರಾ ಇಳಿಯೋದು ಸಾಧಾರಣ ಆ ಹೊತ್ತಿಗೇ. ಗಡಿಯಾರ ಎರಡು ತಾಸು ಹಿಂದೆ ಇರೋ ಹುಡುಗನಿಗೆ ಆ ಘಳಿಗೆ ಬರೋದೇ ಐದು ಆರು ಗಂಟೆಗೆ, ಅಂದ್ರೆ ನೀವು ಅವನ್ನ ಎಬ್ಬಿಸ್ತಾ ಇರೋದು ಅವನ ಮೈ ಪ್ರಕಾರ ನಡುರಾತ್ರಿಯಲ್ಲಿ. ಮೈಮೇಲೆ ಬರದೇ ಇನ್ನೇನು ಮಾಡ್ತಾನೆ ಪಾಪ!

ನಮ್ಮ ಕಡೆ ಇದಕ್ಕೆ ಇನ್ನೂ ಅರ್ಧ ತಾಸು ಸೇರಿಸ್ಕೊಳ್ಳಿ. ಭಾರತದ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ, ಸಿರ್ಸಿ ಇರೋದು 75ರ ಹತ್ರ, ಕಾರವಾರ ಇನ್ನೂ ಪಶ್ಚಿಮಕ್ಕೆ. ಒಂದು ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ ಅರ್ಧ ತಾಸು ತಡ, ಗೋಡೆ ಮೇಲೆ 5 ಅಂದ್ರೆ ಸೂರ್ಯಂದು ನಾಲ್ಕೂವರೆ. ಅಜ್ಜ ಬ್ರಾಹ್ಮೀ ಮುಹೂರ್ತಕ್ಕೆ ಏಳ್ತಿದ್ದ ಅಂತಾರೆ, ಖರೇ, ಆದ್ರೆ ಅಜ್ಜ ಚಿಮಣಿ ದೀಪ ಆರ್ಸಿ ಎಂಟೂವರೆ ಒಂಬತ್ತಕ್ಕೆಲ್ಲಾ ಮಲಗ್ತಿದ್ದ ಅನ್ನೋದನ್ನ ಯಾರೂ ಹೇಳೋದಿಲ್ಲ.

ಓದಿದ್ದು ಉಳಿಯೋ ಮಾತು ನಂಗೆ ತುಂಬಾ ಮುಖ್ಯ ಅನ್ನಿಸ್ತದೆ. ಹಗಲು ಕಲಿತದ್ದನ್ನ ಮಿದುಳು ಗಟ್ಟಿ ಮಾಡ್ಕೊಳ್ಳೋದು ನಿದ್ದೇಲಿ, ಅದ್ರಲ್ಲೂ ಕನಸು ಜಾಸ್ತಿ ಬೀಳೋ ರೆಮ್ ನಿದ್ದೆ ಹೆಚ್ಚಿಗೆ ಬರೋದು ರಾತ್ರಿಯ ಕೊನೇ ಭಾಗದಲ್ಲಿ. 13ರಿಂದ 18 ವರ್ಷದವ್ರಿಗೆ 8ರಿಂದ 10 ತಾಸು ನಿದ್ದೆ ಬೇಕು. ಹನ್ನೆರಡಕ್ಕೆ ಮಲಗಿ ಐದಕ್ಕೆ ಎದ್ರೆ ಸಿಕ್ಕಿದ್ದು ಐದು, ಹೋಗಿದ್ದು ಆ ಕೊನೇ ಭಾಗವೇ. ಬೆಳಗಿನ ಜಾವದ ಓದು ಬೇಗ ಮಲಗಿ ತಾನಾಗೇ ಏಳೋವ್ರಿಗೆ ಒಳ್ಳೇದು, ಕೆಲವು ಮಕ್ಕಳು ಹಂಗೂ ಇರ್ತಾರೆ, ನಿಮ್ಮವ ಹಂಗಿಲ್ಲ ಅಷ್ಟೇ. ಅಮೆರಿಕದ ಸಿಯಾಟಲ್ ಊರಲ್ಲಿ 2016ರಲ್ಲಿ ಹೈಸ್ಕೂಲ್ ಬೆಲ್ಲನ್ನ 7.50ರಿಂದ 8.45ಕ್ಕೆ ತಂದ್ರು, ಮಕ್ಕಳು ಅದೇ ನೆವ ಮಾಡ್ಕೊಂಡು ಇನ್ನೂ ತಡವಾಗಿ ಮಲಗ್ತಾರೆ ಅಂದ್ಕೊಂಡವ್ರೇ ಜಾಸ್ತಿ, ಆದ್ರೆ ಅಳೆದು ನೋಡಿದಾಗ ನಿದ್ದೆ ದಿನಕ್ಕೆ 34 ನಿಮಿಷ ಹೆಚ್ಚಾಗಿತ್ತು. ನಮ್ಮ ಶಾಲೆಗಳು ಅಷ್ಟು ಬೇಗ ಶುರುವಾಗೋದಿಲ್ಲ, ನಾವೇ ಮುಂಜಾನೆ ಟ್ಯೂಷನ್ ಹಚ್ಚಿ ಹಾಳು ಮಾಡಿದ್ದು.

ಹಂಗಂತ ಸುಮ್ನೆ ಬಿಟ್ಬಿಡಿ ಅಂತಲ್ಲ, ಆ ಗಡಿಯಾರವನ್ನ ಸ್ವಲ್ಪ ಮುಂದಕ್ಕೆ ತಿರುಗಿಸ್ಬಹುದು, ಅದರ ಕೀಲಿ ಬೆಳಕು. ಎದ್ದ ಕೂಡ್ಲೇ ಅಂಗಳಕ್ಕೆ ಕಳ್ಸಿ, ಹೂ ಕೊಯ್ಯಲಿ, ತೋಟಕ್ಕೊಂದು ಸುತ್ತು ಹೋಗಿ ಬರಲಿ, ಅರ್ಧ ತಾಸು ಸಾಕು. ಮಳೆಗಾಲದ ಮೋಡದ ಬೆಳಕು ಕೂಡ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜೋರು. ರಾತ್ರಿ ಮಾತ್ರ ಉಲ್ಟಾ, ಒಂಬತ್ತೂವರೆ ಮೇಲೆ ದೀಪ ಮಂದ ಮಾಡಿ, ಫೋನು ಜಗಲೀಲಿ ಚಾರ್ಜಿಗಿರಲಿ, ನಿಮ್ಮದೂ ಸೇರಿ. ಸಂಜೆ ಚಾ ಬೇಡ, ಅದ್ರಲ್ಲಿರೋ ಕೆಫೀನು ಆ ಅಡೆನೋಸಿನ್ ಕೂರೋ ಜಾಗದಲ್ಲೇ ಹೋಗಿ ಕೂತ್ಕೊಳ್ತದೆ, ಐದು ತಾಸಾದ್ರೂ ಅರ್ಧದಷ್ಟು ಮೈಯಲ್ಲೇ ಇರ್ತದೆ. ಕೊತ್ತಂಬರಿ ಜೀರಿಗೆ ಕಷಾಯ ಕೊಡಿ, ಅದ್ರಲ್ಲಿ ಕೆಫೀನಿನ ಪ್ರಶ್ನೆನೇ ಇಲ್ಲ. ಭಾನುವಾರ ಹನ್ನೊಂದರ ತನಕ ಮಲಗೋಕೆ ಬಿಡ್ಬೇಡಿ, ಒಂದು ತಾಸು ಜಾಸ್ತಿ ಮಲಗ್ಲಿ, ಇಲ್ಲಾಂದ್ರೆ ಸೋಮವಾರ ಮತ್ತೆ ಮೊದಲಿಂದ ಶುರು.

ಜೋರಾಗಿ ಗೊರಕೆ ಹೊಡಿತಾನೆ, ಸಾಕಷ್ಟು ಮಲಗಿದ್ರೂ ಹಗಲೆಲ್ಲಾ ತೂಕಡಿಸ್ತಾನೆ, ಅಥ್ವಾ ಯಾವ್ದ್ರಲ್ಲೂ ಆಸಕ್ತಿ ಇಲ್ಲದೇ ಮಂಕಾಗಿದ್ದಾನೆ ಅಂತಾದ್ರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ತಡ ಮಾಡ್ಬೇಡಿ. ಅದ್ಯಾವ್ದೂ ಇಲ್ಲಾಂದ್ರೆ ಅವ್ರಪ್ಪನ ಹತ್ರ ಹೇಳಿ, ಎಬ್ಬಿಸೋ ಟೈಮನ್ನ ಆರೂವರೆ ಮಾಡಿ ಎರಡು ವಾರ ನೋಡಲಿ, ಆ ಎರಡು ವಾರ ಸೋಂಬೇರಿ ಅನ್ನೋ ಶಬ್ದ ಮನೇಲಿ ಬೇಡ. ಇಪ್ಪತ್ತರ ಆಸುಪಾಸಿಗೆ ಗಡಿಯಾರ ತಾನಾಗೇ ಮತ್ತೆ ಮುಂದಕ್ಕೆ ಬರೋಕೆ ಶುರುವಾಗ್ತದೆ.