ಡೀಸೆಲ್ ಕಾರಿನ ಥರ್ಮೋಸ್ಟಾಟ್: ಮೊದಲು ಪತ್ತೆ, ಆಮೇಲೆ ಸ್ಪ್ಯಾನರ್

ನನ್ನ ಡೀಸೆಲ್ ಕಾರಿನ ಟೆಂಪರೇಚರ್ ಮುಳ್ಳು ಏರು ಹತ್ತುವಾಗ ಮಧ್ಯಕ್ಕೆ ಬರುತ್ತಿತ್ತು. ಇಳಿಜಾರು ಸಿಕ್ಕರೆ ಮೆಲ್ಲಗೆ ಕೆಳಗೆ ಜಾರುತ್ತಿತ್ತು. ಹೀಟರ್ ಹಾಕಿದರೆ ಉಗುರುಬೆಚ್ಚಗಿನ ಗಾಳಿ. ಡೀಸೆಲ್ ಕೂಡ ಸ್ವಲ್ಪ ಜಾಸ್ತಿ ಖರ್ಚಾಗುತ್ತಿತ್ತು. ಯಾರಿಗೆ ಹೇಳಿದರೂ ಒಂದೇ ಮಾತು: “ಬಿಸಿ ಆಗ್ತಿಲ್ಲ ಅಂದ್ರೆ ಒಳ್ಳೇದೇ ಅಲ್ವಾ?” ಒಳ್ಳೆಯದಲ್ಲ. ಯಾಕೆ ಅಂತ ಓದಿ, ಬಿಚ್ಚಿ ನೋಡಿ, ಹೊಸದು ಹಾಕಿದ ಮೇಲೆ ಬರೆದಿಟ್ಟ ಟಿಪ್ಪಣಿ ಇದು. ಮನೆಯಲ್ಲೇ ಕಾರಿನ ಕೆಲಸ ಕಲಿಯುತ್ತಿರುವವರಿಗಾಗಿ ಬರೆದಿದ್ದೇನೆ.

ಒಳಗೆ ಏನಿದೆ

ಥರ್ಮೋಸ್ಟಾಟ್ ಅಂದರೆ ಒಂದು ವಾಲ್ವ್. ಸಾದಾ ಥರ್ಮೋಸ್ಟಾಟ್‌ಗೆ ಕರೆಂಟು ಬೇಡ, ಕಂಪ್ಯೂಟರ್ ಬೇಡ. ನಡುವೆ ಒಂದು ಪುಟ್ಟ ಲೋಹದ ಡಬ್ಬಿ ಇರುತ್ತದೆ. ಅದರ ತುಂಬ ಮೇಣ. ಮೇಣ ಕರಗಿದಾಗ ಹಿಗ್ಗುತ್ತದೆ, ಒಂದು ಸಣ್ಣ ಕಡ್ಡಿಯನ್ನು ಒತ್ತುತ್ತದೆ, ವಾಲ್ವ್ ತೆರೆಯುತ್ತದೆ. ತಣ್ಣಗಾದರೆ ಮೇಣ ಕುಗ್ಗುತ್ತದೆ, ಸ್ಪ್ರಿಂಗ್ ವಾಲ್ವನ್ನು ಮುಚ್ಚುತ್ತದೆ. ಹಿಂದೆ ಮೇಣದ ಬದಲು ಮಡಿಕೆ ಮಡಿಕೆಯ ಲೋಹದ ಬುರುಡೆ ಇರುತ್ತಿತ್ತು. ಕೂಲಿಂಗ್ ಸಿಸ್ಟಂ ಒಳಗಿನ ಒತ್ತಡ ಹೆಚ್ಚಾದ ಹಾಗೆ ಅದು ನೆಚ್ಚಿಕೊಳ್ಳುವಂತೆ ಉಳಿಯಲಿಲ್ಲ. ಮೇಣಕ್ಕೆ ಒತ್ತಡದ ಕಾಟ ಅಷ್ಟಾಗಿ ಇಲ್ಲ.

ಕೂಲಂಟ್ ಅಂದರೆ ಎಂಜಿನ್ ಬಿಸಿಯನ್ನು ಹೊತ್ತೊಯ್ಯುವ ದ್ರವ. ಅದು ಹರಿಯುವುದಕ್ಕೆ ಎರಡು ದಾರಿಗಳಿವೆ. ಇವನ್ನು ಚಿಕ್ಕ ಸುತ್ತು, ದೊಡ್ಡ ಸುತ್ತು ಅಂತ ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ವಾಲ್ವ್ ಮುಚ್ಚಿದ್ದಾಗ ಕೂಲಂಟ್ ಎಂಜಿನ್ ಒಳಗೇ ಸುತ್ತುತ್ತದೆ, ಜೊತೆಗೆ ಹೀಟರ್ ಕಡೆ ಹೋಗಿ ಬರುತ್ತದೆ. ಇದು ಚಿಕ್ಕ ಸುತ್ತು. ವಾಲ್ವ್ ತೆರೆದಾಗ ರೇಡಿಯೇಟರ್‌ವರೆಗೂ ಹೋಗುತ್ತದೆ. ಇದು ದೊಡ್ಡ ಸುತ್ತು. ಥರ್ಮೋಸ್ಟಾಟ್ ಮೇಲೆ 82 ಅಥವಾ 88 ಅಂತ ಒತ್ತಿರುವ ಅಂಕಿ, ವಾಲ್ವ್ ತೆರೆಯಲು ಶುರುವಾಗುವ ಡಿಗ್ರಿ. ಪೂರ್ತಿ ತೆರೆಯುವುದಕ್ಕೆ ಇನ್ನೂ 10ರಿಂದ 15 ಡಿಗ್ರಿ ಬೇಕು. ಇತ್ತೀಚಿನ ಕೆಲವು ಕಾರುಗಳಲ್ಲಿ ಮೇಣದ ಡಬ್ಬಿಗೆ ಸಣ್ಣ ಕರೆಂಟ್ ಹೀಟರ್ ಕೂಡಿಸಿರುತ್ತಾರೆ. ಎಂಜಿನ್ ಕಂಪ್ಯೂಟರ್ ಬೇಕಾದಾಗ ಅದನ್ನು ಬಿಸಿ ಮಾಡಿ ವಾಲ್ವನ್ನು ಬೇಗ ತೆರೆಸುತ್ತದೆ.

“ಥರ್ಮೋಸ್ಟಾಟ್ ಕಿತ್ತು ಬಿಸಾಕಿ, ಇಲ್ಲದೇನೇ ಓಡಿಸಿ” ಅನ್ನುವ ಸಲಹೆ ಬಹಳ ಕಡೆ ಸಿಗುತ್ತದೆ. ನಾನೂ ಒಮ್ಮೆ ನಂಬಿದ್ದೆ. ಬಹಳಷ್ಟು ಥರ್ಮೋಸ್ಟಾಟ್‌ಗಳ ಕೆಳಗೆ ಇನ್ನೊಂದು ಬಿಲ್ಲೆ ಇರುತ್ತದೆ. ಮೇಲಿನ ವಾಲ್ವ್ ತೆರೆಯುತ್ತಾ ಹೋದ ಹಾಗೆ ಈ ಬಿಲ್ಲೆ ಚಿಕ್ಕ ಸುತ್ತಿನ ದಾರಿಯನ್ನು ಮುಚ್ಚುತ್ತಾ ಬರುತ್ತದೆ. ಥರ್ಮೋಸ್ಟಾಟ್ ತೆಗೆದುಬಿಟ್ಟರೆ ಚಿಕ್ಕ ಸುತ್ತು ಯಾವಾಗಲೂ ತೆರೆದೇ ಇರುತ್ತದೆ. ನೀರು ಸುಲಭದ ದಾರಿ ಹಿಡಿಯುತ್ತದೆ. ರೇಡಿಯೇಟರ್‌ಗೆ ಹೋಗಬೇಕಾದ ಬಿಸಿ ಕೂಲಂಟ್ ಅಲ್ಲೇ ತಿರುಗಿ ಎಂಜಿನ್‌ಗೇ ವಾಪಸ್ ಬರುತ್ತದೆ. ಹಗುರವಾಗಿ ಓಡಿಸುವಾಗ ಎಂಜಿನ್ ತಣ್ಣಗೆ, ಭಾರ ಬಿದ್ದಾಗ ಅತಿ ಬಿಸಿ, ಎರಡೂ ತೊಂದರೆ ಒಟ್ಟಿಗೆ!

ಡೀಸೆಲ್‌ನಲ್ಲಿ ಇದು ಯಾಕೆ ಎದ್ದು ಕಾಣುತ್ತದೆ

ಡೀಸೆಲ್ ಎಂಜಿನ್ ಸುಮ್ನೆ ನಿಂತು ಓಡುವಾಗ ತುಂಬಾ ಗಾಳಿ ಎಳೆದುಕೊಂಡು ಬಹಳ ಕಡಿಮೆ ಇಂಧನ ಸುಡುತ್ತದೆ. ಹಾಗಾಗಿ ಹೊರಬರುವ ಬಿಸಿಯೂ ಕಡಿಮೆ. ವಾಲ್ವ್ ಎರಡು ಮಿಲಿಮೀಟರ್ ತೆರೆದೇ ನಿಂತರೂ ರೇಡಿಯೇಟರ್ ಆ ಬಿಸಿಯನ್ನೆಲ್ಲ ಎಳೆದುಕೊಂಡುಬಿಡುತ್ತದೆ. ಇಳಿಜಾರಿನಲ್ಲಿ ಮುಳ್ಳು ಜಾರುವುದು ಇದಕ್ಕೇ. ಇಳಿಯುವಾಗ ಇಂಧನ ಹೆಚ್ಚು ಕಡಿಮೆ ನಿಂತೇ ಹೋಗುತ್ತದೆ, ಎದುರು ಗಾಳಿ ಮಾತ್ರ ರೇಡಿಯೇಟರ್‌ಗೆ ಬೀಸುತ್ತಲೇ ಇರುತ್ತದೆ.

ಎಂಜಿನ್ ಸದಾ ತಣ್ಣಗಿದ್ದರೆ ಕಂಪ್ಯೂಟರ್ ಅದನ್ನು ಇನ್ನೂ ಬಿಸಿಯಾಗದ ಎಂಜಿನ್ ಅಂತಲೇ ತಿಳಿದು ಇಂಧನ ಜಾಸ್ತಿ ಕೊಡುತ್ತದೆ. ಆಯಿಲ್ ಗಟ್ಟಿಯಾಗಿಯೇ ಇರುತ್ತದೆ, ಅದರಲ್ಲಿ ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ. ಡಿಪಿಎಫ್ ಇರುವ ಕಾರಿನಲ್ಲಿ ತೊಂದರೆ ಇನ್ನೂ ದೊಡ್ಡದು. ಡಿಪಿಎಫ್ ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ತುಂಬಿದಾಗ ಮಸಿಯನ್ನು ಒಳಗೇ ಸುಟ್ಟು ತೆಗೆಯಬೇಕು. ಎಂಜಿನ್ ಒಂದು ಮಟ್ಟಕ್ಕೆ ಬಿಸಿಯಾಗದಿದ್ದರೆ ಅನೇಕ ಕಾರುಗಳಲ್ಲಿ ಆ ಸುಡುವ ಕೆಲಸ ಶುರುವೇ ಆಗುವುದಿಲ್ಲ. ಶುರುವಾಗಿ ಅರ್ಧಕ್ಕೇ ನಿಂತರೆ ಅದಕ್ಕಾಗಿ ಸಿಂಪಡಿಸಿದ ಡೀಸೆಲ್‌ನಲ್ಲಿ ಒಂದು ಪಾಲು ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಒಂದು ಚಿಕ್ಕ ವಾಲ್ವ್ ಕೆಟ್ಟಿದ್ದಕ್ಕೆ ಡಿಪಿಎಫ್ ಬದಲಾಯಿಸುವವರೆಗೂ ಹೋಗಬಹುದು.

ವಾಲ್ವ್ ಮುಚ್ಚಿಯೇ ಸಿಕ್ಕಿಕೊಂಡರೆ ಕಥೆ ಬೇರೆ. ಮುಳ್ಳು ಕೆಂಪಿಗೆ ಏರುತ್ತದೆ. ಆಗ ಗಾಡಿ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗುತ್ತದೆ.

ಥರ್ಮೋಸ್ಟಾಟೇ ಕೆಟ್ಟಿದೆ ಅಂತ ಹೇಗೆ ಗೊತ್ತಾಗುವುದು

ಈ ಭಾಗಕ್ಕೆ ನಾನು ಎರಡು ದಿನ ಕೊಟ್ಟೆ. ಬಿಚ್ಚಿ ಕೂಡಿಸುವುದಕ್ಕೆ ಅರ್ಧ ದಿನವೂ ಬೇಕಾಗಲಿಲ್ಲ.

ಡ್ಯಾಶ್‌ಬೋರ್ಡ್ ಮುಳ್ಳನ್ನು ಪೂರ್ತಿ ನಂಬಬೇಡಿ. ಅನೇಕ ಕಾರುಗಳಲ್ಲಿ ಕೂಲಂಟ್ ಸುಮಾರು 75ರಿಂದ 100 ಡಿಗ್ರಿ ಒಳಗೆ ಎಲ್ಲಿದ್ದರೂ ಮುಳ್ಳು ಮಧ್ಯದಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಚಾಲಕರು ಸುಮ್ಮನೆ ಗಾಬರಿಯಾಗದಿರಲಿ ಅಂತ. ಹಾಗಾಗಿ ಮುಳ್ಳು ಕೆಳಗೆ ಜಾರಿತು ಅಂದರೆ ಎಂಜಿನ್ ನಿಜವಾಗಿಯೂ ಬಹಳ ತಣ್ಣಗಾಗಿದೆ ಅಂತ ಅರ್ಥ. ಸರಿಯಾದ ಅಂಕಿ ಬೇಕೆಂದರೆ ಒಂದು ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ನ ಅಂಕಿಗಳನ್ನು ಓದುವ ಸಾಧನ) ಸಿಕ್ಕಿಸಿ ಲೈವ್ ಡೇಟಾ ನೋಡಿ. ನನ್ನ ಕಾರಿನಲ್ಲಿ ಅರ್ಧ ಗಂಟೆ ಓಡಿಸಿದ ಮೇಲೂ 71 ಡಿಗ್ರಿ. ಇಳಿಜಾರಿನಲ್ಲಿ 64. ಹಾಕಿದ್ದ ಥರ್ಮೋಸ್ಟಾಟ್ 88ರದ್ದು. ಪಿ0128 ಅನ್ನುವ ಕೋಡ್ ಬಂದಿದ್ದರೆ ಅದೂ ಇದೇ ಮಾತು: ಕೂಲಂಟ್ ಬರಬೇಕಾದ ಬಿಸಿಗೆ ಬಂದಿಲ್ಲ.

ಆದರೆ ಆ ಕೋಡ್ ಥರ್ಮೋಸ್ಟಾಟ್ ಕೆಟ್ಟಿದೆ ಅಂತ ಹೇಳುವುದಿಲ್ಲ. ಸೆನ್ಸರ್ ತಪ್ಪು ಅಂಕಿ ಕೊಡುತ್ತಿರಬಹುದು, ಕೂಲಂಟ್ ಕಡಿಮೆ ಇರಬಹುದು. ಸೆನ್ಸರ್ ಪರೀಕ್ಷೆ ಸುಲಭ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಬೆಳಗ್ಗೆ ಎಂಜಿನ್ ಶುರು ಮಾಡದೆ ಬರೀ ಕೀ ಆನ್ ಮಾಡಿ. ಕೂಲಂಟ್ ಟೆಂಪರೇಚರ್, ಒಳಗೆ ಹೋಗುವ ಗಾಳಿಯ ಟೆಂಪರೇಚರ್ ಎರಡೂ ಹೆಚ್ಚು ಕಡಿಮೆ ಒಂದೇ ಇರಬೇಕು. ಹತ್ತು ಹದಿನೈದು ಡಿಗ್ರಿ ವ್ಯತ್ಯಾಸ ಇದ್ದರೆ ಮೊದಲು ಸೆನ್ಸರ್ ಕಡೆ ನೋಡಿ.

ಆಮೇಲೆ ಕೈ ಪರೀಕ್ಷೆ. ತಣ್ಣಗಿರುವ ಎಂಜಿನ್ ಶುರು ಮಾಡಿ, ಥರ್ಮೋಸ್ಟಾಟ್ ಕೂತಿರುವ ಹೌಸಿಂಗ್‌ನಿಂದ ರೇಡಿಯೇಟರ್‌ಗೆ ಹೋಗುವ ದಪ್ಪ ಪೈಪ್ ಮುಟ್ಟಿ ನೋಡುತ್ತಿರಿ. ಫ್ಯಾನ್, ಬೆಲ್ಟ್ ಹತ್ತಿರ ಕೈ, ಬಟ್ಟೆ ಹೋಗದ ಹಾಗೆ ಎಚ್ಚರ. ಥರ್ಮೋಸ್ಟಾಟ್ ಸರಿ ಇದ್ದರೆ ಪೈಪ್ ಬಹಳ ಹೊತ್ತು ತಣ್ಣಗೇ ಇದ್ದು, ಆಮೇಲೆ ಒಂದೆರಡು ನಿಮಿಷದಲ್ಲಿ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ನನ್ನದರಲ್ಲಿ ಮೊದಲಿನಿಂದಲೇ ಸ್ವಲ್ಪ ಸ್ವಲ್ಪ ಬೆಚ್ಚಗಾಗುತ್ತಾ ಹೋಯಿತು. ವಾಲ್ವ್ ತೆರೆದೇ ಇದೆ ಅನ್ನುವುದಕ್ಕೆ ಇದೇ ಸಾಕ್ಷಿ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಪೈಪ್ ಕಡೆ ಇರುತ್ತದೆ. ಅಲ್ಲಿ ಮೇಲಿನ ಪೈಪ್ ಮುಟ್ಟಿದರೆ ಮೋಸ ಹೋಗುತ್ತೀರಿ, ಕೆಳಗಿನದನ್ನೇ ನೋಡಬೇಕು.

ಬಿಚ್ಚುವುದು, ಕೂಡಿಸುವುದು

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಇದರಲ್ಲಿ ರಾಜಿ ಇಲ್ಲ. ಕೂಲಂಟ್ ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಬಿಸಿಯಲ್ಲಿ ಕೂಲಂಟ್ ಟ್ಯಾಂಕ್‌ನ ಮುಚ್ಚಳ ತಿರುಗಿಸಿದ ಕ್ಷಣವೇ ಒತ್ತಡ ಇಳಿದು, ಎಲ್ಲ ಒಟ್ಟಿಗೆ ಕುದ್ದು ಮುಖಕ್ಕೆ ಚಿಮ್ಮುತ್ತದೆ. ಕೀ ತೆಗೆದು ಪಕ್ಕಕ್ಕಿಡಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಎಲೆಕ್ಟ್ರಿಕ್ ಫ್ಯಾನ್ ಕೆಲವು ಕಾರುಗಳಲ್ಲಿ ತಾನೇ ತಾನಾಗಿ ತಿರುಗಿಬಿಡುತ್ತದೆ.

ಡೀಸೆಲ್‌ಗೆ ಸೇರಿದ ಇನ್ನೊಂದು ಎಚ್ಚರಿಕೆ. ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಹೌಸಿಂಗ್ ಹತ್ತಿರವೇ ಇಂಜೆಕ್ಟರ್‌ಗೆ (ಡೀಸೆಲ್ ಸಿಂಪಡಿಸುವ ಭಾಗಕ್ಕೆ) ಹೋಗುವ ಸಣ್ಣ ಉಕ್ಕಿನ ಪೈಪ್‌ಗಳಿರುತ್ತವೆ. ಕಾಮನ್ ರೈಲ್ ಎಂಜಿನ್‌ನಲ್ಲಿ (ಎಲ್ಲ ಇಂಜೆಕ್ಟರ್‌ಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಬಗೆ) ಅದರೊಳಗಿನ ಒತ್ತಡ 1600 ಬಾರ್‌ಗೂ ಏರುತ್ತದೆ. ಜಾಗ ಸಾಲದು ಅಂತ ಅದನ್ನು ಸಡಿಲ ಮಾಡಲು ಹೋಗಬೇಡಿ. ಏರ್ ಫಿಲ್ಟರ್ ಪೈಪ್, ಮೇಲಿನ ಪ್ಲಾಸ್ಟಿಕ್ ಕವರ್ ಇಂಥವನ್ನು ತೆಗೆದು ಜಾಗ ಮಾಡಿಕೊಳ್ಳಿ. ತೆಗೆಯುವ ಮೊದಲು ಫೋನಿನಲ್ಲಿ ನಾಲ್ಕಾರು ಫೋಟೋ ಹೊಡೆದಿಡಿ.

ಕೆಳಗೆ ಅಗಲವಾದ ತಟ್ಟೆಯಿಟ್ಟು, ಹೌಸಿಂಗ್ ಮಟ್ಟಕ್ಕಿಂತ ಕೆಳಗೆ ಇಳಿಯುವಷ್ಟು ಕೂಲಂಟ್ ಇಳಿಸಿ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ. ತಟ್ಟೆಯನ್ನು ತೆರೆದಿಟ್ಟು ಒಳಗೆ ಹೋಗಬೇಡಿ. ಚರಂಡಿಗೂ ಸುರಿಯಬೇಡಿ. ಕ್ಯಾನ್‌ನಲ್ಲಿ ತುಂಬಿಟ್ಟು, ಹಳೆ ಆಯಿಲ್ ತೆಗೆದುಕೊಳ್ಳುವ ಕಡೆ ಕೊಡಲು ಆಗುತ್ತದಾ ಅಂತ ಕೇಳಿ.

ಹಳೆ ರಬ್ಬರ್ ಪೈಪ್ ಕಚ್ಚಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪ್ಲಾಸ್ಟಿಕ್ ಮೂತಿ ಒಡೆಯುತ್ತದೆ. ಕ್ಲಿಪ್ ಹಿಂದೆ ಸರಿಸಿ, ಪೈಪನ್ನು ಕೈಯಿಂದ ಅತ್ತಿತ್ತ ತಿರುಚಿ. ಒಮ್ಮೆ ತಿರುಗಿತು ಅಂದರೆ ಬಂದಂತೆಯೇ. ಆಮೇಲೆ ಹೌಸಿಂಗ್‌ನ ಬೋಲ್ಟ್‌ಗಳು. ಹೊರತೆಗೆದ ಥರ್ಮೋಸ್ಟಾಟನ್ನು ಬೆಳಕಿಗೆ ಹಿಡಿದು ನೋಡಿ. ತಣ್ಣಗಿದ್ದಾಗ ಸಂದಿಯಲ್ಲಿ ಬೆಳಕು ಕಾಣಬಾರದು. ನನ್ನದರಲ್ಲಿ ಮೇಲಿನ ವಾಲ್ವ್‌ನ ಒಂದು ಬದಿ ಎದ್ದು ಕಾಣುವ ಹಾಗೆ ತೆರೆದಿತ್ತು. ಎರಡು ದಿನದ ಅನುಮಾನ ಆಗ ತೀರಿತು. ಇತ್ತೀಚಿನ ಅನೇಕ ಕಾರುಗಳಲ್ಲಿ ಥರ್ಮೋಸ್ಟಾಟ್ ಪ್ಲಾಸ್ಟಿಕ್ ಹೌಸಿಂಗ್ ಜೊತೆಗೇ ಬರುತ್ತದೆ. ಆಗ ಬೇರೆ ಮಾಡಲು ಹೋಗದೆ ಇಡೀ ತುಂಡನ್ನೇ ಬದಲಾಯಿಸಬೇಕು.

ಹೊಸದನ್ನು ಹಾಕುವ ಮುಂಚೆ ಬಿಸಿ ನೀರಿನಲ್ಲಿ ಪರೀಕ್ಷೆ ಮಾಡಿ. ಹೊಸದೂ ಕೆಟ್ಟಿರಬಹುದು. ಅಡಿಗೆಗೆ ಬಳಸದ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ಇಳಿಬಿಡಿ. ತಳಕ್ಕೆ ತಾಗಬಾರದು, ತಳದ ಬಿಸಿ ನೀರಿನ ಬಿಸಿಗಿಂತ ಜಾಸ್ತಿ. ಪಕ್ಕದಲ್ಲಿ ಥರ್ಮಾಮೀಟರ್. 88ರದ್ದು 88ರ ಆಸುಪಾಸಿನಲ್ಲಿ ತೆರೆಯಲು ಶುರುವಾದರೆ ಸರಿ. ಪೂರ್ತಿ ತೆರೆಯುವುದನ್ನು ಇಲ್ಲಿ ಕಾಯಬೇಡಿ. ಬರೀ ನೀರು 100ಕ್ಕೇ ಕುದಿಯುತ್ತದೆ, ಎತ್ತರದ ಜಾಗದಲ್ಲಿ ಅದಕ್ಕಿಂತಲೂ ಮೊದಲೇ.

ಕೂರಿಸುವಾಗ ಸ್ಪ್ರಿಂಗ್ ಮತ್ತು ಮೇಣದ ಡಬ್ಬಿ ಎಂಜಿನ್ ಕಡೆ ಇರಬೇಕು. ಬಿಸಿ ತಾಗಬೇಕಾದ್ದು ಅದಕ್ಕೇ ಅಲ್ವಾ? ತಿರುಗಾಮುರುಗ ಹಾಕಿದರೆ ಮೇಣಕ್ಕೆ ಬಿಸಿ ಸರಿಯಾಗಿ ತಲುಪದೆ ಎಂಜಿನ್ ಕುದಿಯುತ್ತದೆ. ಥರ್ಮೋಸ್ಟಾಟ್‌ನ ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ ಇದ್ದರೆ ಅದು ಸಾಮಾನ್ಯವಾಗಿ ಮೇಲ್ಗಡೆ ಬರಬೇಕು, ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುವುದು ಅಲ್ಲಿಂದ. ಹಳೆ ಗ್ಯಾಸ್ಕೆಟ್ ಪ್ಲಾಸ್ಟಿಕ್ ಚೂರಿನಿಂದ ಕೆರೆದು ತೆಗೆಯಿರಿ. ಅಲ್ಯೂಮಿನಿಯಂ ಮೇಲೆ ಗೀರು ಬಿದ್ದರೆ ಅಲ್ಲಿಂದಲೇ ಸೋರುತ್ತದೆ. ಓ ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಹೊಸದೇ ಇರಲಿ. ಬೋಲ್ಟ್‌ಗಳನ್ನು ಮೊದಲು ಕೈಯಲ್ಲಿ ತಿರುಗಿಸಿ, ಆಮೇಲೆ ಎರಡೂ ಕಡೆ ಸಮವಾಗಿ ಬಿಗಿಮಾಡಿ. 10ರ ಸ್ಪ್ಯಾನರ್ ಹಿಡಿಸುವ ಸಣ್ಣ ಬೋಲ್ಟ್‌ಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಸರಿಯಾದ ಅಂಕಿ ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿರುತ್ತದೆ. ಜೋರಾಗಿ ಎಳೆದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ.

ಗಾಳಿ ತೆಗೆಯುವುದು

ಕಷ್ಟದ ಕೆಲಸ ಇದೇ. ನಾನು ಮೊದಲ ಸಲ ಎಡವಿದ್ದೂ ಇಲ್ಲೇ. ಕೂಲಂಟ್ ಬೇಗ ಬೇಗ ಸುರಿದೆ, ಟ್ಯಾಂಕ್ ತುಂಬಿತು, ಮುಚ್ಚಳ ಹಾಕಿದೆ. ಹತ್ತು ನಿಮಿಷಕ್ಕೆ ಅಂಕಿ 100 ದಾಟಿತು, ಹೀಟರ್‌ನಿಂದ ಮಾತ್ರ ತಣ್ಣನೆ ಗಾಳಿ. ತಕ್ಷಣ ಎಂಜಿನ್ ನಿಲ್ಲಿಸಿದೆ. ಥರ್ಮೋಸ್ಟಾಟ್ ಕೆಳಗೆ ಗಾಳಿ ಸಿಕ್ಕಿಕೊಂಡಿತ್ತು. ಬಿಸಿ ಕೂಲಂಟ್ ಮೇಣವನ್ನು ಮುಟ್ಟಿರಲಿಲ್ಲ, ವಾಲ್ವ್ ತೆರೆದಿರಲಿಲ್ಲ. ಎಂಜಿನ್ ಬಿಸಿಯಿದ್ದೂ ಹೀಟರ್ ತಣ್ಣಗಿದ್ದರೆ ಒಳಗೆ ಗಾಳಿ ಇದೆ ಅಂತ ಮೊದಲು ಅನುಮಾನಿಸಬೇಕು ಅನ್ನುವುದು ಅಂದಿನಿಂದ ಮರೆತಿಲ್ಲ.

ಕೂಲಂಟ್ ನಿಮ್ಮ ಕಾರಿಗೆ ಹೇಳಿದ ಬಗೆಯದೇ ಇರಲಿ. ಬಣ್ಣ ಒಂದೇ ಇದೆ ಅಂತ ಬೇರೆ ಬಗೆಯದನ್ನು ಬೆರೆಸಬೇಡಿ, ಬಣ್ಣಕ್ಕೂ ಒಳಗಿನ ರಾಸಾಯನಿಕಕ್ಕೂ ಒಂದೇ ನಿಯಮ ಇಲ್ಲ. ನೀರು ಬೆರೆಸಬೇಕಾದರೆ ಡಿಸ್ಟಿಲ್ಡ್ ನೀರು, ಸಾಮಾನ್ಯವಾಗಿ ಅರ್ಧಕ್ಕರ್ಧ.

ಹೀಟರನ್ನು ಪೂರ್ತಿ ಬಿಸಿಗೆ ಇಡಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲ ಮಾಡಿ, ಗುಳ್ಳೆ ನಿಂತು ಕೂಲಂಟ್ ಒಂದೇ ಸಮ ಬರುವವರೆಗೆ ನಿಧಾನವಾಗಿ ಸುರಿಯಿರಿ. ನಡುನಡುವೆ ದಪ್ಪ ಪೈಪನ್ನು ಹಿಸುಕಿ ಬಿಡಿ, ಗುಳುಗುಳು ಅಂತ ಗಾಳಿ ಮೇಲೆ ಬರುತ್ತದೆ. ಸ್ಕ್ರೂ ಬಿಗಿಮಾಡಿ, ಮುಚ್ಚಳ ಹಾಕಿ, ಬ್ಯಾಟರಿ ಜೋಡಿಸಿ ಎಂಜಿನ್ ಶುರು ಮಾಡಿ. ಸ್ಕ್ಯಾನರ್ ಕಣ್ಣೆದುರೇ ಇರಲಿ. ಡೀಸೆಲ್ ನಿಂತಲ್ಲೇ ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತದೆ, ತಾಳ್ಮೆ ಬೇಕು. ಎಕ್ಸಲರೇಟರ್ ಸ್ವಲ್ಪ ಒತ್ತಿ ಹಿಡಿದರೆ ಬೇಗ ಆಗುತ್ತದೆ. ರೇಡಿಯೇಟರ್ ಪೈಪ್ ಇದ್ದಕ್ಕಿದ್ದ ಹಾಗೆ ಬಿಸಿಯಾಗಿ, ಹೀಟರ್ ಒಂದೇ ಸಮ ಬಿಸಿ ಗಾಳಿ ಕೊಟ್ಟರೆ ವಾಲ್ವ್ ತೆರೆದಿದೆ, ಗಾಳಿ ಹೋಗಿದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಟ್ಟ ನೋಡಿ, ಖಂಡಿತ ಇಳಿದಿರುತ್ತದೆ. ನನ್ನದು ಮಾರನೇ ಬೆಳಗ್ಗೆ ಎರಡು ಬೆರಳಿನಷ್ಟು ಇಳಿದಿತ್ತು. ತುಂಬಿಸಿ, ಮೂರು ದಿನ ಓಡಿಸಿ, ದಿನಾ ಬೆಳಗ್ಗೆ ಹೌಸಿಂಗ್ ಸುತ್ತ ಬಿಳಿ ಟಿಶ್ಯೂ ಒತ್ತಿ ನೋಡಿದೆ. ಎಲ್ಲೂ ಒದ್ದೆ ಇರಲಿಲ್ಲ. ನಾಲ್ಕನೇ ದಿನ ಅದೇ ಇಳಿಜಾರು ಇಳಿದೆ. ಸ್ಕ್ಯಾನರ್‌ನಲ್ಲಿ 89, ಕೆಳಗೆ ತಲುಪಿದಾಗ 87.