ಜಿ.ಐ. ಪೈಪಿನ ವೆಲ್ಡಿಂಗ್ ಹೊಗೆಗೆ ಹಾಲು ಮದ್ದೇ?

ಪ್ರಶ್ನೆ: ಮನಿ ಮುಂದಿನ ಗೇಟು ಜಿ.ಐ. ಪೈಪಿನಾಗ ಮಾಡಸಾಕ ಹತ್ತೀವ್ರಿ, ಜಂಗ ಹಿಡಿಯಂಗಿಲ್ಲ ಅಂತ. ವೆಲ್ಡಿಂಗ್ ಹುಡುಗಗ ರಾತ್ರಿ ಚಳಿಜ್ವರ ಬಂತು. ಹಾಲು ಕುಡಿಸ್ರಿ, ಸಾಕು ಅಂತಾರ. ಖರೇ ಏನ್ರಿ?

ಖರೇ ಅಲ್ರಿ. ಹಾಲು-ಬೆಲ್ಲ ತಿಂದರೆ ಒಳಗೆ ಹೋದ ಹೊಗೆ ತೊಳೆದು ಹೋಗುತ್ತದೆ ಎಂಬ ನಂಬಿಕೆ ಹುಬ್ಬಳ್ಳಿಯ ಗೋಕುಲ ರೋಡಿನ ಶೆಡ್ಡುಗಳಿಂದ ಹಾವೇರಿ ಕಡೆಯ ವರ್ಕ್‌ಶಾಪುಗಳ ತನಕ ಗಟ್ಟಿಯಾಗಿ ಕೂತಿದೆ. ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ. ಈ ಸಲ ಬುಡದಿಂದ ನೋಡೋಣ.

ಜಿ.ಐ. (ಗ್ಯಾಲ್ವನೈಸ್ಡ್ ಐರನ್) ಅಂದರೆ ಉಕ್ಕಿನ ಪೈಪು, ಮೇಲಿನದು ಸತುವಿನ (ಜಿಂಕ್) ಲೇಪ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಬೇಕು. ಸತು 907 ಡಿಗ್ರಿಗೇ ಕುದ್ದು ಆವಿಯಾಗಿ, ಗಾಳಿಯ ಆಕ್ಸಿಜನ್ ಜೊತೆ ಸೇರಿ ಬಿಳಿ ಹೊಗೆಯಾಗುತ್ತದೆ. ಕಣಗಳು ಒಂದು ಮೈಕ್ರಾನಿಗಿಂತ ಸಣ್ಣವು. ಮುಖಕ್ಕೆ ಕಟ್ಟಿದ ಟವೆಲ್ ದಾಟಿ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ, ಅಲ್ಲಿ ಉರಿಯೂತ ಎದ್ದು ಜ್ವರ ಬರುತ್ತದೆ. ಹಾಲು ಹೋಗುವುದು ಹೊಟ್ಟೆಗೆ. ಶ್ವಾಸಕೋಶಕ್ಕೆ ಅದು ಮುಟ್ಟುವುದೇ ಇಲ್ಲ, ತೊಳೆಯುವ ಮಾತೆಲ್ಲಿ? ಬೆಲ್ಲದ್ದೂ ಇದೇ ಕಥೆ.

ಹಾಗಿದ್ದರೆ ಹಾಲು ಕುಡಿದವರಿಗೆ ಆರಾಮ ಆದದ್ದು ಹೇಗೆ? ಸತುವಿನ ಜ್ವರ ಕೆಲಸ ಮುಗಿದ ಕೆಲವು ತಾಸಿಗೆ ಬರುತ್ತದೆ: ಬಾಯಲ್ಲಿ ಲೋಹದ ರುಚಿ, ಚಳಿ, ಮೈಕೈ ನೋವು, ಕೆಮ್ಮು. ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಕುಡಿದಿದ್ದರೆ ಹೆಸರು ಹಾಲಿಗೆ, ಕುಡಿಯದಿದ್ದರೂ ಇಳಿಯುತ್ತಿತ್ತು. ದಿನವೂ ಹೊಗೆಯಲ್ಲಿದ್ದರೆ ಮೈ ತಾತ್ಕಾಲಿಕವಾಗಿ ಒಗ್ಗುತ್ತದೆ, ರವಿವಾರ ರಜೆ ಕಳೆದು ಸೋಮವಾರ ಮತ್ತೆ ಜ್ವರ. ವಾರದ ನಡುವೆ ಬಾರದಿದ್ದುದಕ್ಕೂ ಹಾಲೇ ಕಾರಣ ಅಂದುಕೊಳ್ಳುತ್ತಾರೆ.

ಈ ನಂಬಿಕೆಯಿಂದ ಪ್ರಾಣಕ್ಕೇ ಕುತ್ತು ಬರಬಹುದು. ಕ್ಯಾಡ್ಮಿಯಂ ಎಂಬ ವಿಷದ ಲೋಹದ ಲೇಪವಿರುವ ಹಳೆಯ ಬೋಲ್ಟು, ಕ್ಯಾಡ್ಮಿಯಂ ಇರುವ ಬೆಳ್ಳಿ ಬ್ರೇಜಿಂಗ್ ರಾಡು (ಲೋಹ ಬೆಸೆಯಲು ಕರಗಿಸುವ ಕಡ್ಡಿ) ಕಾಯಿಸಿದಾಗಲೂ ಮೊದಲು ಇಂಥದೇ ಜ್ವರ. ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಮನುಷ್ಯ ಸಾಯಬಹುದು. ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ, ಯಾವ ಲೋಹ ಕಾಯಿಸಿದ್ದೆಂದು ವೈದ್ಯರಿಗೆ ಹೇಳಿರಿ.

ಇನ್ನು ಗೇಟು. ಸಾದಾ ಎಂ.ಎಸ್. (ಮೈಲ್ಡ್ ಸ್ಟೀಲ್, ಲೇಪವಿಲ್ಲದ ಉಕ್ಕು) ಪೈಪು ತನ್ನಿ, ವೆಲ್ಡಿಂಗ್ ಪೂರ್ತಿ ಮುಗಿಸಿ, ಆಮೇಲೆ ಗ್ಯಾಲ್ವನೈಸಿಂಗಿಗೆ, ಅಂದರೆ ಕರಗಿದ ಸತುವಿನಲ್ಲಿ ಅದ್ದಿಸಲು, ಕಳಿಸಿ. ಎರಡೂ ತುದಿ ಮುಚ್ಚಿದ ಪೈಪಿಗೆ ತೂತು ಕೊರೆಯಲೇಬೇಕು. ಒಳಗೆ ಪಸೆ ಉಳಿದರೆ 450 ಡಿಗ್ರಿಯ ಸತುವಿನ ತೊಟ್ಟಿಯಲ್ಲಿ ಪೈಪು ಸಿಡಿಯುತ್ತದೆ. ಅಷ್ಟು ಖರ್ಚು ಬೇಡವೆಂದರೆ ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಲೇಪ) ಹೊಡೆದು ಬಣ್ಣ ಮಾಡಿಸಿ. ಜಿ.ಐ. ಆಗಲೇ ತಂದಿದ್ದರೆ ಜೋಡಣೆಯ ಎರಡೂ ಬದಿ ಕನಿಷ್ಠ 50 ಮಿ.ಮೀ. ಸತು ಗ್ರೈಂಡರ್‌ನಿಂದ ತೆಗೆಸಿ, ಬಯಲಲ್ಲಿ ಗಾಳಿಗೆ ಬೆನ್ನು ಕೊಡದೆ ಅಡ್ಡ ನಿಂತು, ಸಣ್ಣ ಕಣ ತಡೆಯುವ ಎಫ್‌ಎಫ್‌ಪಿ2 ಮಾಸ್ಕ್ ಹಾಕಿ ಕೆಲಸ ಮಾಡಲಿ. ಪೈಪಿನ ಒಳಬದಿಯ ಸತುವಿಗೆ ಗ್ರೈಂಡರ್ ಮುಟ್ಟುವುದಿಲ್ಲ, ಹೊಗೆ ಸ್ವಲ್ಪ ಬಂದೇ ಬರುತ್ತದೆ. ಎಂ.ಎಸ್. ಮೇಲು ಅನ್ನುವುದು ಅದಕ್ಕೇ.

ಯಾರೂ ಕೇಳದಿದ್ದರೂ ಪ್ರೈಮರ್ ಮಾತು ಹೇಳಲೇಬೇಕು. ಕೆಂಪು ಡಬ್ಬಿಯೆಲ್ಲ ಒಂದೇ ಅಲ್ಲ. ರೆಡ್ ಆಕ್ಸೈಡ್‌ನಲ್ಲಿ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡ್. ರೆಡ್ ಲೆಡ್ ಅಂದರೆ ಸೀಸ. ಹಳದಿಯ ಜಿಂಕ್ ಕ್ರೋಮೇಟ್‌ನಲ್ಲಿ ಕ್ಯಾನ್ಸರ್ ತರುವ ಕ್ರೋಮಿಯಂ ಇರುತ್ತದೆ, ಅದರ ಬದಲು ಜಿಂಕ್ ಫಾಸ್ಫೇಟ್ ಕೇಳಿ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ 2016ರ ಕೇಂದ್ರದ ನಿಯಮ ಕೈಗಾರಿಕಾ ಬಣ್ಣಗಳಿಗೆ ಅನ್ವಯಿಸುವುದಿಲ್ಲ. ಗೇಟಿಗೆಂದು ಅಂಗಡಿಯವರು ಇಂಡಸ್ಟ್ರಿಯಲ್ ಡಬ್ಬಿ ಕೊಟ್ಟರೆ ಲೇಬಲ್ ಓದಿಯೇ ತನ್ನಿ. ಮಕ್ಕಳು ಜೋತಾಡುವ ಗೇಟು ಅದು.