ಪರಾಗ್ವೆಯಲ್ಲಿ ಸಲಿಗೆಗೊಂದು ಭಾಷೆ, ಕಚೇರಿಗೊಂದು ಭಾಷೆ

ಸ್ಪ್ಯಾನಿಷ್ ಜೊತೆಗೆ ಇನ್ನೊಂದು ಭಾಷೆಯನ್ನೂ ಆಡುವ ದ್ವಿಭಾಷಿಕತೆ ಎಂದೊಡನೆ ನನ್ನ ವಿದ್ಯಾರ್ಥಿಗಳಿಗೆ ಅಮೆರಿಕದ ವಲಸಿಗರು ನೆನಪಾಗುತ್ತಾರೆ. ನಾನು ಪಾಠವನ್ನು ದಕ್ಷಿಣ ಅಮೆರಿಕದ ಪರಾಗ್ವೆಯಿಂದ ಆರಂಭಿಸುತ್ತೇನೆ. ಅಲ್ಲಿ ಮೂಲನಿವಾಸಿಗಳ ಭಾಷೆಯಾದ ಗ್ವಾರಾನಿಯನ್ನು ಆಡುವವರಲ್ಲಿ ಬಹುಪಾಲು ಜನ ತಮ್ಮನ್ನು ಮೂಲನಿವಾಸಿಗಳೆಂದು ಕರೆದುಕೊಳ್ಳುವುದಿಲ್ಲ. ಲ್ಯಾಟಿನ್ ಅಮೆರಿಕದಲ್ಲಿ ಇದು ಅಪರೂಪ. ವಸಾಹತು ಕಾಲದಲ್ಲಿ ಅಲ್ಲಿಗೆ ಬಂದು ನೆಲೆಸಿದ ಸ್ಪೇನಿನವರು ಕೆಲವೇ ಮಂದಿ. ಅವರ ಮಕ್ಕಳನ್ನು ಬೆಳೆಸಿದವರು ಗ್ವಾರಾನಿ ತಾಯಂದಿರು. ಹೆಸರು ತಂದೆಯದು, ಮನೆಮಾತು ತಾಯಿಯದು.

ಹೀಗಾಗಿ ಅಲ್ಲಿ ಭಾಷೆಯಿಂದ ಕುಲ ತಿಳಿಯುವುದು ಕಷ್ಟ, ಸಲಿಗೆ ಎಷ್ಟೆಂಬುದು ಮಾತ್ರ ಥಟ್ಟನೆ ತಿಳಿಯುತ್ತದೆ. 1960ರ ದಶಕದಲ್ಲಿ ಜೋನ್ ರೂಬಿನ್ ಎಂಬ ವಿದ್ವಾಂಸೆ ಅಲ್ಲಿ ಅಧ್ಯಯನ ನಡೆಸಿದರು. ಹಳ್ಳಿಯಲ್ಲಿ ಗ್ವಾರಾನಿ, ಪಟ್ಟಣದಲ್ಲಿ ಅಧಿಕಾರಿಗಳ, ಮೇಷ್ಟರ ಎದುರು ಸ್ಪ್ಯಾನಿಷ್, ಗೆಳೆಯರ ನಡುವೆ, ತಮಾಷೆಗೆ ಮತ್ತೆ ಗ್ವಾರಾನಿ. ಪ್ರೇಮಿಗಳು ಸ್ಪ್ಯಾನಿಷಿನಲ್ಲಿ ಮಾತು ತೆಗೆದು, ಸಲುಗೆ ಬೆಳೆದಂತೆ ಗ್ವಾರಾನಿಗೆ ಹೊರಳುತ್ತಿದ್ದರಂತೆ. ತರಗತಿ ನಗುವುದು ಇಲ್ಲೇ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವವರು ಮಾತ್ರ ಇದರಲ್ಲೇನು ವಿಶೇಷ ಎಂಬಂತೆ ಕುಳಿತಿರುತ್ತಾರೆ.

ಗೌರವದ ಲೆಕ್ಕ ಮಾತ್ರ ಬೇರೆ. 1932–35ರ ಚಾಕೋ ಯುದ್ಧದಲ್ಲಿ ಎದುರಾಳಿ ಬೊಲಿವಿಯಾದವರಿಗೆ ತಿಳಿಯದಿರಲೆಂದು ಪರಾಗ್ವೆಯ ಸೇನೆ ಗ್ವಾರಾನಿಯಲ್ಲಿ ಸಂದೇಶ ಕಳಿಸಿತು. ಅದೇ ಭಾಷೆಯನ್ನು ಶಾಲೆಯಲ್ಲಿ ಆಡಿದ ಮಕ್ಕಳಿಗೆ ದಶಕಗಳ ಕಾಲ ಶಿಕ್ಷೆಯಾಗುತ್ತಿತ್ತು. 1992ರ ಸಂವಿಧಾನ ಸ್ಪ್ಯಾನಿಷ್, ಗ್ವಾರಾನಿ ಎರಡನ್ನೂ ಅಧಿಕೃತ ಭಾಷೆಗಳೆಂದು ಸಾರಿ, ಆರಂಭಿಕ ಶಿಕ್ಷಣ ತಾಯ್ನುಡಿಯಲ್ಲಿರಲಿ ಎಂದಿತು.

ಆಮೇಲೆ ಹೊಸ ತಕರಾರು ಹುಟ್ಟಿತು. ಪಠ್ಯಪುಸ್ತಕಕ್ಕೆ ಬಂದದ್ದು ಸ್ಪ್ಯಾನಿಷ್ ಪದಗಳನ್ನು ಹೆಕ್ಕಿ ತೆಗೆದು, ಹೊಸ ಪದಗಳನ್ನು ಟಂಕಿಸಿದ ಗ್ವಾರಾನಿ. ಜನರ ಬಾಯಲ್ಲಿರುವುದು ಎರಡೂ ಕಲೆತ ‘ಜೊಪಾರಾ’. ಮಗುವಿನ ಪುಸ್ತಕ ತಮಗೇ ಅರ್ಥವಾಗುವುದಿಲ್ಲ ಎಂದು ಗ್ವಾರಾನಿ ಆಡುವ ಪೋಷಕರೇ ದೂರಿದರು. ಮಡಿವಂತರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ‘ನಿನ್ನ ಸ್ಪ್ಯಾನಿಷ್ ಸರಿಯಿಲ್ಲ’ ಎಂದು ಮೊದಲೇ ಕೇಳಿಸಿಕೊಂಡವನಿಗೆ ‘ನಿನ್ನ ಗ್ವಾರಾನಿಯೂ ಸರಿಯಿಲ್ಲ’ ಎಂದರೆ ಅವನು ಬಾಯಿ ತೆರೆಯುವುದಾದರೂ ಯಾವ ಭಾಷೆಯಲ್ಲಿ? ನನ್ನ ಮಟ್ಟಿಗೆ ಜೊಪಾರಾ ಕೆಟ್ಟ ಗ್ವಾರಾನಿಯಲ್ಲ, ಬದುಕಿರುವ ಗ್ವಾರಾನಿ.

ಇಂಥ ಸಮುದಾಯಗಳಲ್ಲಿ ಸಮೀಕ್ಷೆಗೆ ಹೊರಡುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು: ‘ನಿಮ್ಮ ಭಾಷೆಯ ಮೇಲೆ ಅಭಿಮಾನವಿದೆಯೇ’ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ಮಗುವಿಗೆ ಊಟ ಮಾಡಿಸುವಾಗ, ಗದರುವಾಗ ಯಾವ ಭಾಷೆ ಎಂದು ಕೇಳಿ. ಪರಾಗ್ವೆಯ ರಾಜಧಾನಿ ಅಸುನ್ಸಿಯಾನ್ ನಗರದಲ್ಲಿ ತಮ್ಮತಮ್ಮಲ್ಲಿ ಗ್ವಾರಾನಿಯಲ್ಲಿ ಹರಟುವ ಎಷ್ಟೋ ತಂದೆತಾಯಿ ಮಗುವಿನತ್ತ ತಿರುಗಿದೊಡನೆ ಸ್ಪ್ಯಾನಿಷ್ ಆಡುತ್ತಾರೆ.